ಮಲಗುವ ಮುನ್ನದ ಇಸ್ತಿಗ್‌ಫಾರ್: ಯಾವ ಪಾಪ ಮಾಫಿ, ಯಾವುದು ಬಾಕಿ?

ಇಶಾ ನಮಾಜ್ ಮುಗಿಸಿ, ಊಟ ಮಾಡಿ, ಹಾಸಿಗೆಗೆ ಹೋದ ಮೇಲೆ ಮೂರು ಸಲ ಹೇಳಿಕೊಳ್ಳುವ ಒಂದು ದುಆ ಮುಸ್ಲಿಮ್ ಮನೆಗಳಲ್ಲಿ ಬಹಳ ಪರಿಚಿತ. ಬೇರೆ ಆರಾಧ್ಯರಿಲ್ಲದ, ಎಂದೂ ಅಳಿಯದ, ಎಲ್ಲವನ್ನೂ ಆಧರಿಸಿ ನಿಂತ ಮಹಾನ್ ಅಲ್ಲಾಹನಲ್ಲಿ ಕ್ಷಮೆ ಬೇಡುತ್ತೇನೆ, ಅವನ ಕಡೆಗೇ ತೌಬಾ ಮಾಡಿ ಮರಳುತ್ತೇನೆ ಎಂಬುದು ಅದರ ಸಾರ. ಹೇಳಿ ಮುಗಿಸಲು ಅರ್ಧ ನಿಮಿಷವೂ ಬೇಡ. ಅದರ ಜೊತೆಗೆ ಬಂದಿರುವ ವಾಗ್ದಾನ ಮಾತ್ರ ಅಪಾರ. ಪಾಪಗಳು ಸಮುದ್ರದ ನೊರೆಯಷ್ಟಿರಲಿ, ಮರಗಳ ಎಲೆಗಳಷ್ಟಿರಲಿ, ಉತ್ತರ ಅರೇಬಿಯಾದ ಆಲಿಜ್ ಮರಳಿನ ಕಣಗಳಷ್ಟಿರಲಿ, ಲೋಕ ಕಂಡ ದಿನಗಳಷ್ಟಿರಲಿ, ಮಾಫಿಯಾಗುತ್ತವೆ ಎಂದು ಪ್ರವಾದಿ ಮುಹಮ್ಮದರು (ಸ) ಹೇಳಿದ್ದಾಗಿ ಒಂದು ಹದೀಸ್ ಇದೆ.

ಈ ಮಾತನ್ನು ಎಲ್ಲಿಯವರೆಗೆ ನಂಬಬಹುದು? ಮೂರು ಸಲ ಹೇಳಿದರೆ ಬಡ್ಡಿ ತಿಂದದ್ದೂ ತೊಳೆದುಹೋಗುತ್ತದೆಯೇ? ತಮ್ಮನ ಪಾಲಿನ ಜಮೀನು ಬರೆಸಿಕೊಂಡದ್ದು? ಹೇಳುವಾಗ ಮನಸ್ಸು ನಾಳೆಯ ಕೆಲಸದ ಮೇಲಿದ್ದರೆ ಗತಿಯೇನು? ಹದೀಸ್ ಪಂಡಿತರು, ಫಿಕ್ಹ್ ಬಲ್ಲವರು, ದೇವತಾಶಾಸ್ತ್ರದವರು ಮತ್ತು ಸೂಫಿಗಳು ಸಾವಿರ ವರ್ಷಕ್ಕೂ ಮೇಲ್ಪಟ್ಟು ಈ ಪ್ರಶ್ನೆಗಳನ್ನು ಎತ್ತುತ್ತಲೇ ಬಂದಿದ್ದಾರೆ. ಮೇಲ್ನೋಟಕ್ಕೆ ಇದು ಒಂದು ಹದೀಸಿನ ಸನದು (ವರದಿಗಾರರ ಸರಣಿ) ಗಟ್ಟಿಯೋ ಅಲ್ಲವೋ ಎಂಬ ಜಗಳ. ಒಳಹೊಕ್ಕರೆ ಕ್ಷಮೆ ಎಲ್ಲಿ ಕೆಲಸ ಮಾಡುತ್ತದೆ ಎಂಬ ಪ್ರಶ್ನೆ ಎದುರಾಗುತ್ತದೆ. ನಾಲಿಗೆಯಲ್ಲೋ, ಮನಸ್ಸಿನಲ್ಲೋ, ಅನ್ಯಾಯಕ್ಕೊಳಗಾದವನ ಮನೆಬಾಗಿಲಲ್ಲೋ?

ರಾತ್ರಿಗೇ ಏಕೆ ಈ ಮಹತ್ವ

ಕುರ್‌ಆನ್ ಕ್ಷಮಾಯಾಚನೆಗೆ ವಿಶೇಷವಾಗಿ ಹೆಸರಿಸಿದ ಹೊತ್ತು ಮಲಗುವ ಹೊತ್ತಲ್ಲ. ಆಲು ಇಮ್ರಾನ್ ಅಧ್ಯಾಯದಲ್ಲಿಯೂ (3:17) ಅದ್ದಾರಿಯಾತ್ ಅಧ್ಯಾಯದಲ್ಲಿಯೂ (51:17-18) ಸಜ್ಜನರ ಲಕ್ಷಣ ಹೇಳುವಾಗ ಅದು ಎತ್ತಿಹೇಳುವುದು ಬೆಳಗಿನ ಜಾವವನ್ನು, ಅಂದರೆ ಸಹರಿಯ ಹೊತ್ತನ್ನು. ಯೂಸುಫರ ಅಣ್ಣಂದಿರು ತಮ್ಮ ತಪ್ಪಿಗೆ ಕ್ಷಮೆ ಬೇಡಿಕೊಡಿ ಎಂದು ತಂದೆ ಯಾಕೂಬರನ್ನು ಕೇಳಿದಾಗ ಅವರು ಮುಂದೆ ಬೇಡುತ್ತೇನೆ ಎನ್ನುತ್ತಾರೆ (12:98). ಹಾಗೆ ಮುಂದೂಡಿದ್ದು ಸಹರಿಯ ಹೊತ್ತಿಗಾಗಿ ಎಂದು ವಿವರಿಸಿದ ವ್ಯಾಖ್ಯಾನಕಾರರಿದ್ದಾರೆ. ರಾತ್ರಿಯ ಕೊನೆಯ ಮೂರನೇ ಭಾಗದಲ್ಲಿ ಕ್ಷಮೆ ಬೇಡುವವರು ಯಾರಿದ್ದೀರಿ ಎಂದು ಅಲ್ಲಾಹನೇ ಕೇಳುತ್ತಾನೆ ಎಂಬ ಅಬೂ ಹುರೈರಾರ ವರದಿ ಬುಖಾರಿ, ಮುಸ್ಲಿಮ್ ಎಂಬ ಎರಡೂ ಹದೀಸ್ ಸಂಗ್ರಹಗಳಲ್ಲಿ ಇದೆ. ತಹಜ್ಜುದ್ ಎಂಬ ರಾತ್ರಿ ನಮಾಜಿನ ಹಿರಿಮೆ ನಿಂತಿರುವುದು ಈ ನೆಲೆಯ ಮೇಲೆ.

ಹಾಗಾದರೆ ನಿದ್ದೆಗೆ ಮುಂಚಿನ ಹೊತ್ತಿಗೆ ಬೆಲೆ ಬಂದದ್ದು ಎಲ್ಲಿಂದ? ಅಝ್ಝುಮರ್ ಅಧ್ಯಾಯದ ಒಂದು ವಚನದಿಂದ (39:42). ಸಾಯುವವರ ಆತ್ಮಗಳನ್ನೂ ನಿದ್ದೆಹೋದವರ ಆತ್ಮಗಳನ್ನೂ ಅಲ್ಲಾಹನೇ ತೆಗೆದುಕೊಳ್ಳುತ್ತಾನೆ, ಸಾವು ನಿಗದಿಯಾದವುಗಳನ್ನು ಇರಿಸಿಕೊಂಡು ಉಳಿದವನ್ನು ಮರಳಿಸುತ್ತಾನೆ ಎಂದು ಅದು ಹೇಳುತ್ತದೆ. ಈ ತಿಳಿವಳಿಕೆಯಲ್ಲಿ ಪ್ರತಿ ರಾತ್ರಿಯ ನಿದ್ದೆಯೂ ಒಂದು ಸಾವು. ಮಲಗುವ ಮುನ್ನ ಹಾಸಿಗೆ ಕೊಡವಿ ಹೇಳುವ ಪ್ರಸಿದ್ಧ ದುಆ ಈ ವಚನವನ್ನೇ ಬೇಡಿಕೆಯ ರೂಪದಲ್ಲಿ ಇಡುತ್ತದೆ. ಆತ್ಮವನ್ನು ಇರಿಸಿಕೊಂಡರೆ ಕರುಣೆ ತೋರು, ಮರಳಿಸಿದರೆ ಕಾಪಾಡು ಎಂಬುದು ಅದರ ಭಾವ. ಕೊನೆಯ ರಾತ್ರಿಯೂ ಆಗಿರಬಹುದಾದ ರಾತ್ರಿಗೆ ಲೆಕ್ಕ ಚುಕ್ತಾ ಮಾಡಿಕೊಂಡು ಹೋಗಬೇಕೆಂಬ ಕಾಳಜಿ ಇಲ್ಲಿಂದ ಹುಟ್ಟಿತು. ಹಗಲಿನ ಪಾಪಿ ಮರಳಲೆಂದು ಅಲ್ಲಾಹನು ರಾತ್ರಿ ಕೈಚಾಚುತ್ತಾನೆ, ರಾತ್ರಿಯ ಪಾಪಿಗಾಗಿ ಹಗಲು ಕೈಚಾಚುತ್ತಾನೆ ಎಂದು ಅಬೂ ಮೂಸಾ ಅಲ್-ಅಶ್‌ಅರಿಯವರು ವರದಿ ಮಾಡಿದ ಹದೀಸ್ (ಮುಸ್ಲಿಮ್) ಆ ಕಾಳಜಿಗೆ ಸಮಾಧಾನವನ್ನೂ ಸೇರಿಸಿತು.

ಹಾಸಿಗೆಯ ದುಆಗಳು ಪುಸ್ತಕ ಸೇರಿದ ಬಗೆ

ಮಲಗುವಾಗಿನ ದುಆಗಳಲ್ಲಿ ಅತ್ಯಂತ ಗಟ್ಟಿ ಸನದಿನವುಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವುಗಳಲ್ಲಿ ಹೆಚ್ಚಿನವು ಪಾಪಗಳ ಪಟ್ಟಿಯ ಬಗ್ಗೆ ಮಾತಾಡುವುದೇ ಇಲ್ಲ. ಅವು ಒಪ್ಪಿಸಿಕೊಳ್ಳುವ ಮಾತುಗಳು.

ಬರಾಅ್ ಇಬ್ನ್ ಆಝಿಬ್ ಅವರ ಪ್ರಸಂಗ ನೋಡಿ. ವುಝೂ ಮಾಡಿ, ಬಲಮಗ್ಗುಲಿಗೆ ಒರಗಿ, ತನ್ನನ್ನು ಅಲ್ಲಾಹನಿಗೆ ಒಪ್ಪಿಸುವ ದುಆ ಹೇಳಬೇಕು, ಅದೇ ಆ ದಿನದ ಕೊನೆಯ ಮಾತಾಗಬೇಕು ಎಂದು ಪ್ರವಾದಿಯವರು ಅವರಿಗೆ ಕಲಿಸಿದರು. ಬರಾಅ್ ಅದನ್ನು ಒಪ್ಪಿಸುವಾಗ ಒಂದು ಕಡೆ ‘ನಬಿ’ ಎನ್ನಬೇಕಾದಲ್ಲಿ ‘ರಸೂಲ್’ ಎಂದರು. ಅರ್ಥಕ್ಕೇನೂ ಊನವಾಗಿರಲಿಲ್ಲ, ಆದರೂ ಪ್ರವಾದಿಯವರು ತಿದ್ದಿ ಮೊದಲಿನಂತೆಯೇ ಹೇಳಿಸಿದರು. ಈ ದುಆಗಳನ್ನು ಅಕ್ಷರ ಬಿಡದೆ ಉಳಿಸಿಕೊಳ್ಳುವ ಹಟಕ್ಕೆ ಪಂಡಿತರು ಮುಂದೆ ಇದನ್ನೇ ಆಧಾರವಾಗಿ ತೋರಿಸಿದರು.

ಇನ್ನೊಂದು ಪ್ರಸಂಗ ಪ್ರವಾದಿಯವರ ಮಗಳು ಫಾತಿಮಾರ ಮನೆಯದು. ಬೀಸುಕಲ್ಲು ತಿರುಗಿಸಿ ಅವರ ಕೈ ಬೊಬ್ಬೆಯೆದ್ದಿತ್ತು. ಒಬ್ಬ ಆಳು ಬೇಕೆಂದು ತಂದೆಯನ್ನು ಕೇಳಲು ಹೋದರು, ಅವರು ಸಿಗಲಿಲ್ಲ. ರಾತ್ರಿ ಗಂಡಹೆಂಡಿರು ಮಲಗಿದ ಮೇಲೆ ಪ್ರವಾದಿಯವರೇ ಬಂದರು. ಏಳಲು ಹೋದವರನ್ನು ತಡೆದು ಇಬ್ಬರ ನಡುವೆ ಕುಳಿತರು. ಅವರ ಪಾದದ ತಣುಪು ತನ್ನ ಎದೆಗೆ ತಾಗಿದ್ದನ್ನು ಫಾತಿಮಾರ ಪತಿ ಅಲಿಯವರು ಬಹುಕಾಲದ ನಂತರವೂ ನೆನಪಿಟ್ಟು ಹೇಳಿದ್ದಾರೆ. ಆಳಿಗಿಂತ ಒಳ್ಳೆಯದನ್ನು ಕೊಡುತ್ತೇನೆಂದು ಪ್ರವಾದಿಯವರು ಕಲಿಸಿದ್ದು ಮಲಗುವಾಗ 33 ಸಲ ಸುಬ್‌ಹಾನಲ್ಲಾಹ್, 33 ಸಲ ಅಲ್‌ಹಮ್ದುಲಿಲ್ಲಾಹ್, 34 ಸಲ ಅಲ್ಲಾಹು ಅಕ್ಬರ್. ಸಿಫ್ಫೀನ್ ಯುದ್ಧದ (657) ರಾತ್ರಿಯೂ ಅದನ್ನು ಬಿಟ್ಟಿರಲಿಲ್ಲ ಎಂದು ಅಲಿ ಹೇಳಿದ್ದು ಬುಖಾರಿಯಲ್ಲಿ ದಾಖಲಾಗಿದೆ. ಈ ವರದಿಯಲ್ಲಿ ಪಾಪದ ಮಾತೇ ಇಲ್ಲ. ದಣಿದ ಮೈಗೆ ಬಲ ಕೊಡುವ ಮಾತಿದೆ.

ನೇರವಾಗಿ ಕ್ಷಮೆಗೆ ಸಂಬಂಧಿಸಿ, ಸನದಿನ ಬಗ್ಗೆ ಅನುಮಾನವಿಲ್ಲದ ರಾತ್ರಿಯ ದುಆ ಎಂದರೆ ಶದ್ದಾದ್ ಇಬ್ನ್ ಔಸ್ ವರದಿ ಮಾಡಿದ ‘ಸಯ್ಯಿದುಲ್ ಇಸ್ತಿಗ್‌ಫಾರ್’. ನೀನು ಕೊಟ್ಟ ಅನುಗ್ರಹವನ್ನೂ ಒಪ್ಪುತ್ತೇನೆ, ನನ್ನ ಪಾಪವನ್ನೂ ಒಪ್ಪುತ್ತೇನೆ ಎಂಬ ನಿವೇದನೆ ಅದರ ಜೀವಾಳ. ರಾತ್ರಿ ಅದನ್ನು ದೃಢನಂಬಿಕೆಯಿಂದ ಹೇಳಿದವನು ಬೆಳಗಾಗುವ ಮೊದಲು ತೀರಿಕೊಂಡರೆ ಸ್ವರ್ಗದವನು. ಹಗಲಿನಲ್ಲಿ ಹೇಳಿದವನಿಗೂ ಇದೇ ವಾಗ್ದಾನ. ಗಮನಿಸಬೇಕಾದದ್ದು, ಇಲ್ಲಿ ಎಣಿಕೆಯಿಲ್ಲ, ದೃಢನಂಬಿಕೆಯ ಷರತ್ತಿದೆ.

ಇಂಥ ದುಆಗಳನ್ನೆಲ್ಲ ಹಗಲುರಾತ್ರಿಯ ಕ್ರಮದಲ್ಲಿ ಒಟ್ಟುಮಾಡುವ ಗ್ರಂಥಪ್ರಕಾರವೇ ಬೆಳೆಯಿತು. ನಸಾಈ (ನಿಧನ 915), ಅವರ ಶಿಷ್ಯ ಇಬ್ನುಸ್ಸುನ್ನಿ ಇಬ್ಬರೂ ‘ಅಮಲುಲ್ ಯೌಮಿ ವಲ್ಲೈಲ’ ಎಂಬ ಒಂದೇ ಹೆಸರಿನಲ್ಲಿ ಪುಸ್ತಕ ಬರೆದರು. ಮುಂದೆ ನವವಿ (1233-1277) ತಮ್ಮ ‘ಅಲ್-ಅಝ್ಕಾರ್’ ಕೃತಿಯಲ್ಲಿ ಸನದುಗಳ ಸರಣಿಯನ್ನು ಬಹುಮಟ್ಟಿಗೆ ಬಿಟ್ಟು, ಜನಸಾಮಾನ್ಯರ ಕೈಗೆ ಎಟಕುವಂತೆ ಮಾಡಿದರು. ಇಂದು ಜೇಬಿನಲ್ಲಿ ಇಟ್ಟುಕೊಳ್ಳುವ ‘ಹಿಸ್ನುಲ್ ಮುಸ್ಲಿಮ್’, ಮೊಬೈಲಿನಲ್ಲಿ ರಾತ್ರಿ ಹತ್ತಕ್ಕೆ ನೆನಪಿಸುವ ಆ್ಯಪ್ ಎರಡೂ ಇದೇ ವಂಶದವು. ಕರ್ನಾಟಕದ ಕರಾವಳಿಯಲ್ಲಿ ಬ್ಯಾರಿಗಳೂ ಭಟ್ಕಳದ ನವಾಯತರೂ ಶಾಫಿಈ ಮಝ್‌ಹಬಿನವರಾದ್ದರಿಂದ ನವವಿ ಇಲ್ಲಿ ದೂರದ ಹೆಸರಲ್ಲ. ಯೆಮನಿನ ತರೀಮಿನ ಅಬ್ದುಲ್ಲಾ ಅಲ್-ಹದ್ದಾದ್ (1634-1720) ಜೋಡಿಸಿದ ಹದ್ದಾದ್ ರಾತೀಬು ದಕ್ಷಿಣ ಕನ್ನಡದ ಎಷ್ಟೋ ಮನೆ, ಮಸೀದಿಗಳಲ್ಲಿ ಇರುಳಿನ ಹೊತ್ತು ಇಂದಿಗೂ ನಡೆಯುತ್ತದೆ. ಸಾಮೂಹಿಕವಾಗಿ ಗಟ್ಟಿದನಿಯಲ್ಲಿ ಹೇಳುವ ಈ ಕ್ರಮವನ್ನು ಬಿದ್‌ಅತ್ (ಧರ್ಮದಲ್ಲಿ ಹೊಸದಾಗಿ ಸೇರಿಸಿದ್ದು) ಎನ್ನುವವರೂ ಇದ್ದಾರೆ. ಅದು ಬೇರೆಯದೇ ವಿವಾದ.

ನೊರೆಯ ಹದೀಸ್: ಸನದಿನ ತಕರಾರು

ಈಗ ಮೊದಲು ಹೇಳಿದ ಹದೀಸಿಗೆ ಬರೋಣ. ಅದು ಇರುವುದು ತಿರ್ಮಿದಿಯವರ (ನಿಧನ 892) ಸಂಗ್ರಹದಲ್ಲಿ, ಪ್ರವಾದಿಯವರ ಸಂಗಾತಿ ಅಬೂ ಸಈದ್ ಅಲ್-ಖುದ್ರಿಯವರ ಹೆಸರಿನಲ್ಲಿ. ತಿರ್ಮಿದಿಯವರೇ ಅದರ ಕೆಳಗೆ ಟಿಪ್ಪಣಿ ಬರೆದಿದ್ದಾರೆ: ಇದು ‘ಹಸನ್ ಗರೀಬ್’, ಅಲ್-ವಸ್ಸಾಫಿ ಎಂಬವರ ದಾರಿಯಲ್ಲದೆ ಬೇರೆ ದಾರಿಯಿಂದ ನಮಗೆ ತಿಳಿದಿಲ್ಲ. ಅಂದರೆ ಒಂದೇ ಎಳೆ. ಆ ಎಳೆಯಲ್ಲಿ ಎರಡು ಗಂಟುಗಳಿವೆ.

ಮೊದಲನೆಯದು ಉಬೈದುಲ್ಲಾ ಇಬ್ನುಲ್ ವಲೀದ್ ಅಲ್-ವಸ್ಸಾಫಿ. ಹದೀಸ್ ವರದಿಗಾರರನ್ನು ತೂಗಿದ ಪಂಡಿತರು ಇವರನ್ನು ದುರ್ಬಲರೆಂದು ಗುರುತಿಸಿದ್ದಾರೆ. ಎರಡನೆಯದು ಇನ್ನೂ ತೊಡಕಿನದು. ವಸ್ಸಾಫಿಗೆ ಹದೀಸ್ ಹೇಳಿದವರು ಕೂಫಾದ ಅತಿಯ್ಯಾ ಅಲ್-ಔಫಿ. ಇವರ ಮೇಲಿನ ದೂರು ಇಬ್ನ್ ಹಿಬ್ಬಾನರ ಬರಹದಲ್ಲಿ ಹೀಗಿದೆ: ಅಬೂ ಸಈದ್ ಅಲ್-ಖುದ್ರಿಯವರು ತೀರಿಕೊಂಡ ಮೇಲೆ ಅತಿಯ್ಯಾ, ಕಲ್ಬಿ ಎಂಬ ಕಥನಕಾರನ ಬಳಿ ಕೂರತೊಡಗಿದರು, ಆತನಿಗೆ ತಾವೇ ‘ಅಬೂ ಸಈದ್’ ಎಂಬ ಉಪನಾಮ ಕೊಟ್ಟರು, ಆಮೇಲೆ ‘ಅಬೂ ಸಈದ್ ಹೇಳಿದರು’ ಎಂದಾಗ ಕೇಳುಗರು ಖುದ್ರಿಯವರೇ ಎಂದು ತಿಳಿದರು. ಈ ದೂರೇ ಕಲ್ಬಿಯ ಬಾಯಿಂದ ಬಂದದ್ದು, ಅವನ ಮಾತಿಗೆ ಬೆಲೆಯೇನು ಎಂದು ಅದನ್ನು ಪ್ರಶ್ನಿಸಿದವರೂ ಇದ್ದಾರೆ. ಆ ಕತೆಯನ್ನು ಬದಿಗಿಟ್ಟರೂ ಅತಿಯ್ಯಾರ ವಿಶ್ವಾಸಾರ್ಹತೆಯ ಬಗ್ಗೆ ಬಹುಪಾಲು ವಿಮರ್ಶಕರ ಅಭಿಪ್ರಾಯ ಒಳ್ಳೆಯದಿಲ್ಲ. ಇಪ್ಪತ್ತನೇ ಶತಮಾನದ ನಾಸಿರುದ್ದೀನ್ ಅಲ್ಬಾನಿ (1914-1999) ಈ ಹದೀಸನ್ನು ದುರ್ಬಲವೆಂದೇ ವರ್ಗೀಕರಿಸಿದರು.

ಮಾತು ಇಲ್ಲಿಗೇ ಮುಗಿಯುವುದಿಲ್ಲ. ಇದೇ ದುಆದ ಮಾತುಗಳು ಬೇರೆ ದಾರಿಗಳಿಂದಲೂ ಬಂದಿವೆ. ಪ್ರವಾದಿಯವರು ಬಿಡುಗಡೆ ಮಾಡಿದ ಝೈದ್ ಎಂಬವರ ವರದಿ ಅಬೂ ದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಇಬ್ನ್ ಮಸ್‌ಊದರ ವರದಿಯನ್ನು ಹಾಕಿಮ್ ತಮ್ಮ ಸಂಗ್ರಹದಲ್ಲಿ ಸೇರಿಸಿ ಸಹೀಹ್ (ಗಟ್ಟಿ ಸನದಿನದು) ಎಂದಿದ್ದಾರೆ. ಅಲ್ಲಿ ಹಾಸಿಗೆಯಿಲ್ಲ, ನೊರೆಯಿಲ್ಲ, ಎಲೆಯಿಲ್ಲ. ಯುದ್ಧಭೂಮಿಯಿಂದ ಓಡಿಹೋದವನಾಗಿದ್ದರೂ ಕ್ಷಮೆ ಸಿಗುತ್ತದೆ ಎಂಬ ಮಾತಿದೆ. ‘ಸಮುದ್ರದ ನೊರೆ’ಯ ವಾಗ್ದಾನವೂ ಬೇರೆಡೆ ಗಟ್ಟಿಯಾಗಿ ನಿಂತಿದೆ. ದಿನಕ್ಕೆ ನೂರು ಸಲ ಸುಬ್‌ಹಾನಲ್ಲಾಹಿ ವ ಬಿಹಮ್ದಿಹಿ ಎಂದವನಿಗೆ ಅದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಮಲಗುವಾಗ ಹೇಳುವ ಇನ್ನೊಂದು ಝಿಕ್ರಿಗೆ ಇದೇ ಫಲ ಹೇಳುವ ಅಬೂ ಹುರೈರಾರ ವರದಿ ಇಬ್ನ್ ಹಿಬ್ಬಾನರ ಸಂಗ್ರಹದಲ್ಲಿದೆ. ಅದನ್ನು ಅಲ್ಬಾನಿಯವರೂ ಸ್ವೀಕರಿಸಿದ್ದಾರೆ.

ಇವನ್ನೆಲ್ಲ ಎದುರಿಗಿಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು. ದುಆದ ಮಾತುಗಳಿಗೆ ನೆಲೆಯಿದೆ. ಮಲಗುವ ಮುನ್ನ ಕ್ಷಮೆ ಬೇಡುವುದಕ್ಕೂ ನೆಲೆಯಿದೆ. ಆ ಹೊತ್ತು, ಮೂರರ ಎಣಿಕೆ, ನಾಲ್ಕು ಹೋಲಿಕೆಗಳು ಇವೆಲ್ಲ ಒಟ್ಟಿಗೆ ಕಟ್ಟಿಬಂದ ಆ ಗಂಟು ಮಾತ್ರ ಒಂದು ದುರ್ಬಲ ಎಳೆಯಲ್ಲಿ ತೂಗುತ್ತಿದೆ.

ದುರ್ಬಲ ಹದೀಸಿನ ಮೇಲೆ ಆಚರಣೆ ಕಟ್ಟಬಹುದೇ

ಕಟ್ಟಬಹುದು ಎನ್ನುವವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಹಲಾಲು ಹರಾಮಿನ ವಿಷಯದಲ್ಲಿ ಸನದನ್ನು ಬಿಗಿಯಾಗಿ ನೋಡುತ್ತಿದ್ದೆವು, ಪುಣ್ಯಕಾರ್ಯಗಳ ಹಿರಿಮೆ ಹೇಳುವಲ್ಲಿ ಸಡಿಲ ಬಿಡುತ್ತಿದ್ದೆವು ಎಂಬ ಧಾಟಿಯ ಮಾತು ಇಮಾಮ್ ಅಹ್ಮದ್ ಇಬ್ನ್ ಹಂಬಲ್ ಮತ್ತು ಅವರ ಕಾಲದ ಹಿರಿಯರಿಂದ ಬಂದಿದೆ. ನವವಿ ‘ಅಲ್-ಅಝ್ಕಾರ್’ನ ಆರಂಭದಲ್ಲೇ ಇದನ್ನು ನಿಯಮವಾಗಿ ಇಟ್ಟರು. ಹದೀಸ್ ಕಟ್ಟುಕತೆಯಾಗಿರದಿದ್ದರೆ ಸಾಕು, ಪ್ರೋತ್ಸಾಹಕ್ಕೆ ಬಳಸಬಹುದು ಎಂದರು. ಇಬ್ನ್ ಹಜರ್ ಅಲ್-ಅಸ್ಕಲಾನಿ (ನಿಧನ 1449) ಅದಕ್ಕೆ ಮೂರು ಬೇಲಿ ಹಾಕಿದ್ದನ್ನು ಅವರ ಶಿಷ್ಯ ಸಖಾವಿ ದಾಖಲಿಸಿದ್ದಾರೆ: ದೌರ್ಬಲ್ಯ ವಿಪರೀತವಾಗಿರಬಾರದು, ಈಗಾಗಲೇ ಸಿದ್ಧವಾದ ಒಂದು ಮೂಲತತ್ವದ ಕೆಳಗೆ ಅದು ಬರಬೇಕು, ಪಾಲಿಸುವವನು ಇದು ಪ್ರವಾದಿಯವರ ಖಚಿತ ಮಾತೆಂದು ನಂಬಿರಬಾರದು.

ಈ ಮೂರನೆಯ ಷರತ್ತೇ ಪೇಚಿನದು. ಮದ್ರಸದಲ್ಲಿ ದುಆ ಕಲಿಯುವ ಮಗುವಿಗೂ, ರಾತ್ರಿ ಅದನ್ನು ಹೇಳಿ ಕಣ್ಮುಚ್ಚುವ ಅಜ್ಜಿಗೂ ಸನದಿನ ವಿಷಯ ಯಾರು ಹೇಳುತ್ತಾರೆ? ಬೋಧಕರು ಪ್ರವಾದಿಯವರು ಹೀಗೆ ಹೇಳಿದ್ದಾರೆ ಎಂದು ಶುರುಮಾಡಿದ ಕ್ಷಣವೇ ಇಬ್ನ್ ಹಜರರ ಬೇಲಿ ಮುರಿಯುತ್ತದೆ. ಅಲ್ಬಾನಿಯವರ ಆಕ್ಷೇಪದ ಬಲ ಇರುವುದು ಇಲ್ಲಿ. ಸಹೀಹ್ ಹದೀಸುಗಳು ಬೇಕಾದಷ್ಟಿರುವಾಗ ದುರ್ಬಲವಾದವುಗಳನ್ನು ಪ್ರವಾದಿಯವರ ಮೇಲೆ ಹೊರಿಸುವುದೇಕೆ ಎಂದು ಅವರು ಕೇಳಿದರು. ಇಬ್ನ್ ತೈಮಿಯ್ಯ (ನಿಧನ 1328) ನಡುದಾರಿ ಹಿಡಿದಿದ್ದರು. ಅಹ್ಮದರ ಕಾಲದಲ್ಲಿ ದುರ್ಬಲ ಎಂಬ ಹೆಸರಿನೊಳಗೆ ಮುಂದಿನವರು ಹಸನ್ (ಒಪ್ಪತಕ್ಕದ್ದು) ಎಂದು ಕರೆದವೂ ಸೇರಿದ್ದವು, ಹಾಗಾಗಿ ಅವರ ಮಾತನ್ನು ಎಲ್ಲ ದುರ್ಬಲ ಹದೀಸುಗಳಿಗೂ ಎಳೆಯಬಾರದು ಎಂಬುದು ಅವರ ವಾದ. ಇನ್ನೊಂದು ಎಚ್ಚರಿಕೆ ಇಬ್ನುಲ್ ಜೌಝಿಯಂಥವರಿಂದ (ನಿಧನ 1201) ಬಂತು. ಸಣ್ಣ ಕೆಲಸಕ್ಕೆ ಮಿತಿಮೀರಿದ ಪುಣ್ಯ ಹೇಳುವ ವರದಿ ಕಂಡರೆ ಅನುಮಾನಿಸಿ ಎಂದು. ಆದರೆ ನೊರೆಯ ವಾಗ್ದಾನ ಅತ್ಯಂತ ನಂಬಲರ್ಹ ಸಂಗ್ರಹಗಳಲ್ಲೂ ಇರುವುದರಿಂದ ಈ ಅಳತೆಗೋಲನ್ನು ಇಲ್ಲಿ ಹಾಗೆಯೇ ಇಡಲಾಗದು.

ಸಣ್ಣ ಪಾಪ, ದೊಡ್ಡ ಪಾಪ

ಸನದಿನ ವಿಷಯ ಬಿಟ್ಟು ಮಾತಿನ ಅರ್ಥಕ್ಕೆ ಬಂದರೆ ಹಳೆಯ ದೇವತಾಶಾಸ್ತ್ರದ ಕದನಭೂಮಿಗೇ ಬರುತ್ತೇವೆ. ಮಹಾಪಾಪ ಮಾಡಿದವನು ಮುಸ್ಲಿಮನಾಗಿಯೇ ಉಳಿಯುತ್ತಾನೆಯೇ ಎಂಬ ಪ್ರಶ್ನೆ ಹಿಜ್ರಿ ಮೊದಲ ಶತಮಾನದಲ್ಲೇ ಸಮುದಾಯವನ್ನು ಸೀಳಿತ್ತು. ಖವಾರಿಜರು ಅವನನ್ನು ಧರ್ಮದಿಂದ ಹೊರಗಿಟ್ಟರು. ಮುರ್ಜಿಅಗಳು ತೀರ್ಪನ್ನು ಅಲ್ಲಾಹನಿಗೆ ಬಿಟ್ಟರು. ಬಸ್ರಾದ ವಾಸಿಲ್ ಇಬ್ನ್ ಅತಾ (ನಿಧನ 748) ಅವನು ಅತ್ತಲೂ ಅಲ್ಲ ಇತ್ತಲೂ ಅಲ್ಲ, ನಡುವಿನ ಸ್ಥಾನದಲ್ಲಿದ್ದಾನೆ ಎಂದರು. ಅವರ ಹಿಂದೆ ಬಂದ ಮುಅ್‌ತಝಿಲರ ಪ್ರಕಾರ ತೌಬಾ ಇಲ್ಲದೆ ಮಹಾಪಾಪಕ್ಕೆ ಕ್ಷಮೆಯಿಲ್ಲ. ಅಶ್‌ಅರಿ, ಮಾತುರೀದಿ ಪಂಥಗಳು ಕುರ್‌ಆನಿನ 4:48ನ್ನು ಮುಂದಿಟ್ಟು, ಶಿರ್ಕ್ (ಅಲ್ಲಾಹನಿಗೆ ಸಹಭಾಗಿಯನ್ನು ಕಲ್ಪಿಸುವುದು) ಒಂದನ್ನು ಬಿಟ್ಟು ಬೇರೆ ಯಾವುದನ್ನಾದರೂ ಅಲ್ಲಾಹನು ಬಯಸಿದರೆ ಕ್ಷಮಿಸಬಹುದು ಎಂದವು. ಸುನ್ನಿ ಲೋಕ ಒಟ್ಟಾರೆ ನಿಂತಿರುವುದು ಇಲ್ಲಿ.

ಹಾಗಿದ್ದರೂ ಒಂದು ದುಆ ತಾನಾಗಿ ಮಹಾಪಾಪವನ್ನು ಅಳಿಸುತ್ತದೆಯೇ? ಬಹುಸಂಖ್ಯಾತ ವಿದ್ವಾಂಸರು ಇಲ್ಲ ಎನ್ನುತ್ತಾರೆ. ಮಹಾಪಾಪಗಳಿಂದ ದೂರವಿದ್ದರೆ ಸಣ್ಣವುಗಳನ್ನು ಅಳಿಸುತ್ತೇವೆ ಎಂಬ ಕುರ್‌ಆನ್ ವಚನ (4:31), ಐದು ಹೊತ್ತಿನ ನಮಾಜು, ಜುಮಾದಿಂದ ಜುಮಾ, ರಮಝಾನಿನಿಂದ ರಮಝಾನು ನಡುವಿನ ಪಾಪಗಳಿಗೆ ಪರಿಹಾರ, ಆದರೆ ಮಹಾಪಾಪಗಳನ್ನು ಬಿಟ್ಟಿದ್ದರೆ ಎಂಬ ಹದೀಸ್ (ಮುಸ್ಲಿಮ್) ಅವರ ಆಧಾರ. ಫರ್ಝ್ ನಮಾಜಿಗೇ ಈ ಮಿತಿಯಿರುವಾಗ ಹಾಸಿಗೆಯ ದುಆ ಅದನ್ನು ಮೀರುವುದು ಹೇಗೆ? ಸ್ಪೇನಿನ ಇಬ್ನ್ ಅಬ್ದುಲ್ ಬರ್ರ್ (ನಿಧನ 1071) ಇದರಲ್ಲಿ ಸರ್ವಸಮ್ಮತಿಯೇ ಇದೆ ಎಂದು, ಇದಕ್ಕೆ ವಿರುದ್ಧವಾಗಿ ಹೇಳಿದ ತಮ್ಮ ಕಾಲದ ಒಬ್ಬ ವಿದ್ವಾಂಸನನ್ನು ಕಟುವಾಗಿ ಟೀಕಿಸಿದರು. ಇಬ್ನ್ ರಜಬ್ ಅಲ್-ಹಂಬಲಿ (ನಿಧನ 1393) ಎರಡೂ ಕಡೆಯ ವಾದಗಳನ್ನು ವಿವರವಾಗಿ ತೂಗಿ ಇದೇ ಪಕ್ಷಕ್ಕೆ ಒಲಿದರು.

ಎದುರು ಪಕ್ಷದ ಕೈಯಲ್ಲೂ ಬಲವಾದ ಸಾಕ್ಷ್ಯವಿದೆ. ಯುದ್ಧಭೂಮಿಯಿಂದ ಓಡಿಹೋದವನ ಮಾತು ಮೇಲೆ ಬಂತಲ್ಲ, ಆ ಓಟವನ್ನು ಹದೀಸುಗಳು ಏಳು ವಿನಾಶಕಾರಿ ಪಾಪಗಳಲ್ಲಿ ಒಂದೆಂದು ಎಣಿಸುತ್ತವೆ. ಇದೇ ಇಸ್ತಿಗ್‌ಫಾರಿನಿಂದ ಅದೂ ಮಾಫಿಯಾಗುವುದಾದರೆ ಸಣ್ಣ ಪಾಪಗಳಿಗಷ್ಟೇ ಎಂಬ ಮಿತಿ ಎಲ್ಲಿ ಉಳಿಯಿತು? ಬಹುಸಂಖ್ಯಾತರ ಉತ್ತರ: ಆ ದುಆದಲ್ಲಿ ಕ್ಷಮೆ ಬೇಡುವುದರ ಜೊತೆ ತೌಬಾ ಮಾಡಿ ಮರಳುತ್ತೇನೆ ಎಂಬ ಮಾತೂ ಇದೆ. ಅದನ್ನು ಮನಸಾರೆ ಹೇಳಿದವನು ತೌಬಾವನ್ನೇ ಮಾಡಿದಂತಾಯಿತು, ತೌಬಾಕ್ಕೆ ಮಹಾಪಾಪವೂ ಅಳಿಯುತ್ತದೆ. ನನಗೆ ಈ ಉತ್ತರ ಸರಿಯೆನಿಸುತ್ತದೆ. ಆದರೆ ಅದನ್ನು ಒಪ್ಪಿದ ಕೂಡಲೇ ಚರ್ಚೆಯ ಭಾರವೆಲ್ಲ ಹೇಳುವವನ ಮನಸ್ಸಿನ ಮೇಲೆ ಬೀಳುತ್ತದೆ.

ಮನಸ್ಸಿಲ್ಲದ ಮಾತಿಗೆ ಬೆಲೆಯಿದೆಯೇ

ಕೂಫಾದ ಅರ್-ರಬೀಅ್ ಇಬ್ನ್ ಖುಥೈಮ್ ಪ್ರವಾದಿಯವರ ನಂತರದ ಎರಡನೇ ತಲೆಮಾರಿನವರು. ನಾನು ಕ್ಷಮೆ ಬೇಡುತ್ತೇನೆ, ತೌಬಾ ಮಾಡುತ್ತೇನೆ ಎಂದು ಹೇಳಬೇಡಿ, ಹಾಗೆ ಮಾಡದಿದ್ದರೆ ಅದು ಸುಳ್ಳಾಗುತ್ತದೆ, ಅಲ್ಲಾಹ್ ನನ್ನನ್ನು ಕ್ಷಮಿಸು, ನನ್ನ ತೌಬಾ ಸ್ವೀಕರಿಸು ಎಂದು ಬೇಡಿರಿ ಎಂದವರು ಅವರು. ನವವಿ ಇದನ್ನು ಉಲ್ಲೇಖಿಸಿ, ಬೇಡಿಕೆಯ ರೂಪ ಒಳ್ಳೆಯದೇ, ಆದರೆ ಕ್ಷಮೆ ಬೇಡುತ್ತೇನೆ ಎನ್ನುವುದು ಬೇಡಿಕೆಯೇ ಆಗಿರುವಾಗ ಸುಳ್ಳೆಂಬ ಮಾತೆಲ್ಲಿ ಎಂದು ಒಪ್ಪದೆ ಉಳಿದರು. ಯುದ್ಧದಿಂದ ಓಡಿದವನ ಹದೀಸನ್ನೇ ಉತ್ತರವಾಗಿ ಮುಂದಿಟ್ಟರು. ಬಸ್ರಾದ ರಾಬಿಆ ಅಲ್-ಅದವಿಯ್ಯಾ ನಮ್ಮ ಇಸ್ತಿಗ್‌ಫಾರಿಗೇ ಇನ್ನೊಂದು ಇಸ್ತಿಗ್‌ಫಾರ್ ಬೇಕು ಎಂಬರ್ಥದಲ್ಲಿ ಹೇಳಿದರೆಂಬ ಮಾತು ಸೂಫಿ ವಲಯಗಳಲ್ಲಿ ಪ್ರಸಿದ್ಧ.

ಗಝಾಲಿ (ನಿಧನ 1111) ಇಲ್ಲಿ ಎರಡೂ ಕಡೆಯ ನೋವು ಬಲ್ಲವರಂತೆ ಬರೆದರು. ತಮ್ಮ ‘ಇಹ್ಯಾ’ ಕೃತಿಯ ತೌಬಾದ ಅಧ್ಯಾಯದಲ್ಲಿ, ಮನಸ್ಸು ಎಲ್ಲೋ ಇದ್ದು ನಾಲಿಗೆಯಷ್ಟೇ ಕ್ಷಮೆ ಬೇಡಿದರೂ ಅದು ವ್ಯರ್ಥವಲ್ಲ ಎನ್ನುತ್ತಾರೆ. ಆ ಹೊತ್ತಿನಲ್ಲಿ ಅದೇ ನಾಲಿಗೆ ಚಾಡಿ ಹೇಳಬಹುದಿತ್ತಲ್ಲ. ಶಿಷ್ಯನೊಬ್ಬ ನಾಲಿಗೆ ಝಿಕ್ರ್ ಮಾಡುತ್ತದೆ, ಮನಸ್ಸು ಮೈಮರೆತಿರುತ್ತದೆ ಎಂದು ಕೊರಗಿದಾಗ, ನಿನ್ನ ಒಂದು ಅಂಗವನ್ನಾದರೂ ಒಳಿತಿಗೆ ಹಚ್ಚಿದನಲ್ಲ, ಶುಕ್ರ್ ಹೇಳು ಎಂದು ಅಬೂ ಉಸ್ಮಾನ್ ಅಲ್-ಮಗ್ರಿಬಿ ಸಮಾಧಾನಿಸಿದ್ದನ್ನು ಅವರು ನೆನೆಯುತ್ತಾರೆ. ಅದೇ ಗಝಾಲಿ ಭ್ರಮೆಗಳ ಅಧ್ಯಾಯಕ್ಕೆ ಬಂದಾಗ ಬಿಗಿಯಾಗುತ್ತಾರೆ. ದಿನಕ್ಕೆ ನೂರು ಸಲ ತಸ್ಬೀಹ್ ಎಣಿಸುವವನು ಮಣಿಮಾಲೆಯಲ್ಲಿ ಅದರ ಲೆಕ್ಕ ಸರಿಯಾಗಿಡುತ್ತಾನೆ, ಹಗಲಿಡೀ ಆಡಿದ ಚಾಡಿಮಾತುಗಳ ಲೆಕ್ಕವಿಡುವುದಿಲ್ಲ, ಪುಣ್ಯವೇ ಹೆಚ್ಚಿದೆಯೆಂದು ನೆಮ್ಮದಿಯಾಗಿರುತ್ತಾನೆ ಎಂಬುದು ಅವರ ದೂರು. ಹಾಸಿಗೆಯ ದುಆದ ಕುರಿತ ಚರ್ಚೆಯಲ್ಲಿ ನನ್ನನ್ನು ಅತ್ಯಂತ ಕಾಡಿದ ಪುಟ ಇದು.

ಗಝಾಲಿ ಹೇಳುವ ದಾರಿ ಮುಹಾಸಬೆ: ವ್ಯಾಪಾರಿ ಪಾಲುದಾರನೊಡನೆ ದಿನದ ಕೊನೆಗೆ ಲಾಭನಷ್ಟ ನೋಡುವಂತೆ ತನ್ನ ಜೊತೆ ತಾನೇ ಲೆಕ್ಕಕ್ಕೆ ಕೂರುವುದು. ಅವರಿಗೂ ಎರಡೂವರೆ ಶತಮಾನ ಹಿಂದೆ ಬಾಗ್ದಾದಿನಲ್ಲಿದ್ದ ಹಾರಿಸ್ ಅಲ್-ಮುಹಾಸಿಬಿಗೆ (ನಿಧನ 857) ಆ ಹೆಸರು ಬಂದದ್ದೇ ಈ ಅಭ್ಯಾಸದಿಂದ. ಈ ದೃಷ್ಟಿಯಲ್ಲಿ ದುಆ ಬರುವುದು ಲೆಕ್ಕ ನೋಡಿದ ಮೇಲೆ. ಯಾವುದಕ್ಕೆ ಕ್ಷಮೆ ಬೇಡುತ್ತಿದ್ದೇನೆಂದು ಗೊತ್ತಿರಬೇಕು.

ಆದರೆ ಪಾಪವನ್ನು ರಾತ್ರಿ ರಾತ್ರಿಯೂ ಕೆದಕಿ ನೋಡಬೇಕೇ? ಇಲ್ಲಿ ಸೂಫಿಗಳಲ್ಲೇ ಭಿನ್ನಮತ. ಕುಶೈರಿ (ನಿಧನ 1072) ತಮ್ಮ ‘ರಿಸಾಲ’ದಲ್ಲಿ ಹೇಳುವ ಪ್ರಸಂಗವಿದು. ಸೂಫಿ ಜುನೈದ್ ಒಮ್ಮೆ ತಮ್ಮ ಸೋದರಮಾವ ಸರೀ ಅಸ್ಸಕತಿಯವರ ಬಳಿ ಹೋದಾಗ ಅವರ ಮುಖ ಕಳೆಗುಂದಿತ್ತು. ಕಾರಣ ಕೇಳಿದರು. ಒಬ್ಬ ಯುವಕ ತೌಬಾ ಎಂದರೇನೆಂದು ಕೇಳಿದ, ನಿನ್ನ ಪಾಪವನ್ನು ಮರೆಯದಿರುವುದು ಎಂದೆ, ಅವನು ಒಪ್ಪದೆ ಪಾಪವನ್ನು ಮರೆಯುವುದೇ ತೌಬಾ ಎಂದ, ಎಂದರು ಸರೀ. ಜುನೈದ್ ಯುವಕನ ಪರ ನಿಂತರು. ಮುನಿಸು ಹೋಗಿ ಪ್ರೀತಿ ಬೆಳೆದ ಮೇಲೆ ಹಳೆಯ ಮುನಿಸನ್ನು ನೆನೆಯುವುದೇ ಒರಟುತನ ಎಂಬ ಅವರ ವಾದಕ್ಕೆ ಸರೀ ಸುಮ್ಮನಾದರು. ಕಲಬುರಗಿಯ ಖ್ವಾಜಾ ಬಂದೇನವಾಝ್ (ನಿಧನ 1422) ಈ ‘ರಿಸಾಲ’ಕ್ಕೆ ವ್ಯಾಖ್ಯಾನ ಬರೆದವರು. ದಖ್ಖನ್ನಿನ ನೆಲದಲ್ಲಿ ಈ ಚರ್ಚೆ ಆರು ಶತಮಾನಗಳಿಂದ ಬೇರುಬಿಟ್ಟಿದೆ.

ಶಿಯಾ ಪರಂಪರೆ

ಶಿಯಾ ಪರಂಪರೆಯಲ್ಲಿ ಒತ್ತು ಬೇರೆ ಕಡೆಗಿದೆ. ಫಾತಿಮಾರಿಗೆ ಕಲಿಸಿದ ಆ ತಸ್ಬೀಹ್ ಅಲ್ಲಿಯೂ ಮಲಗುವಾಗಿನ ಮುಖ್ಯ ಝಿಕ್ರ್, ಕ್ರಮ ಮಾತ್ರ 34 ತಕ್ಬೀರಿನಿಂದ ಶುರುವಾಗುತ್ತದೆ. ಕ್ಷಮಾಯಾಚನೆಯ ತಿರುಳು ಇರುವುದು ದೀರ್ಘವಾದ ಮುನಾಜಾತುಗಳಲ್ಲಿ. ನಾಲ್ಕನೇ ಇಮಾಮ್ ಅಲಿ ಝೈನುಲ್ ಆಬಿದೀನರ ‘ಸಹೀಫಾ ಸಜ್ಜಾದಿಯ್ಯಾ’, ಗುರುವಾರ ರಾತ್ರಿಯ ದುಆ ಕುಮೈಲ್, ನಮಾಝೆ ಶಬ್‌ನ ವಿತ್ರ್‌ನಲ್ಲಿ 70 ಸಲ ಇಸ್ತಿಗ್‌ಫಾರ್ ಮತ್ತು 300 ಸಲ ‘ಅಲ್-ಅಫ್ವ್’. ಅರ್ಧ ನಿಮಿಷದ ದುಆ ಸಾಕೇ ಎಂಬ ಪ್ರಶ್ನೆ ಅಲ್ಲಿ ಅಷ್ಟಾಗಿ ಏಳುವುದಿಲ್ಲ, ಏಕೆಂದರೆ ಬೇಡಿಕೆಯೇ ಗಂಟೆಗಟ್ಟಲೆ ನಡೆಯುತ್ತದೆ.

ಮನುಷ್ಯರಿಗೆ ಸಲ್ಲಬೇಕಾದದ್ದು

ಇಷ್ಟೂ ಪಂಥಗಳ ಮುಖ್ಯಧಾರೆ ಒಂದಾಗುವ ಜಾಗವೊಂದಿದೆ. ಅಲ್ಲಾಹನ ಹಕ್ಕು ಬೇರೆ, ದಾಸರ ಹಕ್ಕು ಬೇರೆ. ನವವಿ ‘ರಿಯಾಝುಸ್ಸಾಲಿಹೀನ್’ನಲ್ಲಿ ತೌಬಾಕ್ಕೆ ಮೂರು ಷರತ್ತು ಹೇಳಿದರು: ಪಾಪ ಬಿಡಬೇಕು, ಪಶ್ಚಾತ್ತಾಪ ಪಡಬೇಕು, ಮತ್ತೆ ಮಾಡೆನೆಂದು ಗಟ್ಟಿಮಾಡಿಕೊಳ್ಳಬೇಕು. ಮನುಷ್ಯನಿಗೆ ಅನ್ಯಾಯವಾಗಿದ್ದರೆ ನಾಲ್ಕನೆಯದೂ ಬೇಕು, ಅವನ ಹಕ್ಕು ಹಿಂದಿರುಗಿಸಬೇಕು ಅಥವಾ ಅವನಿಂದ ಮಾಫಿ ಪಡೆಯಬೇಕು. ಹುತಾತ್ಮನ ಎಲ್ಲ ಪಾಪಗಳೂ ಮಾಫಿಯಾಗುತ್ತವೆ, ಸಾಲದ ಹೊರತು ಎಂದು ಮುಸ್ಲಿಮ್‌ನಲ್ಲಿ ಹದೀಸ್ ಇದೆ. ಪ್ರಾಣ ಕೊಟ್ಟವನಿಗೇ ತೀರದ ಸಾಲ ಹಾಸಿಗೆಯಲ್ಲಿ ಒರಗಿದವನಿಗೆ ತೀರೀತೇ? ದಿವಾಳಿಯಾದವನ ಹದೀಸ್ ಇನ್ನೂ ಕಠಿಣ. ನಮಾಜು, ಉಪವಾಸ, ಝಕಾತು ಎಲ್ಲ ಹೊತ್ತು ಬಂದವನು ಕಿಯಾಮತ್ತಿನ ದಿನ ತಾನು ಬೈದವರಿಗೆ, ತಾನು ಹೊಡೆದವರಿಗೆ, ತನ್ನಿಂದ ಆಸ್ತಿ ಕಳೆದುಕೊಂಡವರಿಗೆ ಅವನ್ನು ಹಂಚುತ್ತಾ ಬರಿಗೈಯಾಗುತ್ತಾನೆ, ಕೊನೆಗೆ ಅವರ ಪಾಪಗಳನ್ನು ತಾನು ಹೊರುತ್ತಾನೆ.

ಹಾಸಿಗೆಗೂ ಮನುಷ್ಯಸಂಬಂಧಕ್ಕೂ ಗಂಟುಹಾಕುವ ಒಂದು ವರದಿ ಇಮಾಮ್ ಅಹ್ಮದರ ‘ಮುಸ್ನದ್’ನಲ್ಲಿದೆ. ಅದರ ಸನದಿನ ಬಗ್ಗೆಯೂ ಚರ್ಚೆಯಿದೆ. ಸ್ವರ್ಗದವನೊಬ್ಬ ಬರುತ್ತಿದ್ದಾನೆ ಎಂದು ಪ್ರವಾದಿಯವರು ಮೂರು ದಿನ ಸೂಚಿಸಿದ ಅನ್ಸಾರಿಯೊಬ್ಬರ ಮನೆಯಲ್ಲಿ ಅಬ್ದುಲ್ಲಾ ಇಬ್ನ್ ಅಮ್ರ್ ಮೂರು ರಾತ್ರಿ ತಂಗಿ ಕಾದು ನೋಡಿದರು. ಆತ ತಹಜ್ಜುದಿಗೆ ಏಳಲಿಲ್ಲ. ಮಗ್ಗುಲು ಬದಲಿಸುವಾಗ ಅಲ್ಲಾಹನನ್ನು ನೆನೆಯುತ್ತಿದ್ದರು, ಅಷ್ಟೆ. ಕೊನೆಗೆ ಗುಟ್ಟೇನೆಂದು ಕೇಳಿದಾಗ, ಯಾವ ಮುಸ್ಲಿಮನ ಮೇಲೂ ನನ್ನ ಮನಸ್ಸಿನಲ್ಲಿ ಕಹಿಯಿಲ್ಲ, ಅಸೂಯೆಯಿಲ್ಲ ಎಂದರು. ಮಲಗುವ ಮುನ್ನ ತಾನು ಕ್ಷಮೆ ಬೇಡುವಷ್ಟೇ ತನ್ನನ್ನು ನೋಯಿಸಿದವರನ್ನು ಕ್ಷಮಿಸಿ ಮಲಗಬೇಕು ಎಂದು ಬೋಧಕರು ಹೇಳುವುದು ಈ ಪ್ರಸಂಗದ ಬಲದಿಂದ. ನೊರೆಯ ಹದೀಸಿಗೆ ಸಿಕ್ಕಿದ ಪ್ರಚಾರದ ಅರ್ಧದಷ್ಟಾದರೂ ಇದಕ್ಕೆ ಸಿಗಬೇಕಿತ್ತು ಎಂಬುದು ನನ್ನ ಹಂಬಲ.

ತೀರ್ಮಾನವಾಗದೆ ಉಳಿದವು

ದುರ್ಬಲ ಹದೀಸನ್ನು ಪ್ರೋತ್ಸಾಹಕ್ಕೆ ಬಳಸುವ ವಿವಾದ ತೀರಿಲ್ಲ, ಸದ್ಯಕ್ಕೆ ತೀರುವ ಲಕ್ಷಣವೂ ಇಲ್ಲ. ಪುಸ್ತಕದಲ್ಲಿ ಅಡಿಟಿಪ್ಪಣಿಗಾದರೂ ಜಾಗವಿತ್ತು. ವಾಟ್ಸ್‌ಆ್ಯಪಿನಲ್ಲಿ ಹರಿದಾಡುವ ಚಿತ್ರದಲ್ಲಿ ತಿರ್ಮಿದಿ ಎಂಬ ಹೆಸರು ಉಳಿಯುತ್ತದೆ, ತಿರ್ಮಿದಿಯವರದೇ ಎಚ್ಚರಿಕೆ ಕಳಚಿಹೋಗುತ್ತದೆ. ಸಣ್ಣ ಪಾಪ ಯಾವುದು, ಮಹಾಪಾಪ ಯಾವುದು ಎಂಬ ಗೆರೆಯೂ ಹಾಗೆಯೇ. ಏಳು ಎಂದವರಿದ್ದಾರೆ, ಎಪ್ಪತ್ತರ ಹತ್ತಿರ ಎಂದವರಿದ್ದಾರೆ, ಸಣ್ಣದನ್ನೇ ಬಿಡದೆ ಮಾಡಿದರೆ ಅದೇ ದೊಡ್ಡದು ಎಂದವರಿದ್ದಾರೆ. ಪ್ರತಿ ರಾತ್ರಿ ಕ್ಷಮೆ ಬೇಡಿ ಪ್ರತಿ ಹಗಲು ಅದೇ ತಪ್ಪಿಗೆ ಬೀಳುವವನ ತೌಬಾ ನಿಲ್ಲುತ್ತದೆಯೇ ಎಂಬುದಕ್ಕೂ ಉತ್ತರಗಳು ಕವಲೊಡೆಯುತ್ತವೆ. ಮತ್ತೆ ಮತ್ತೆ ಬಿದ್ದು ಮತ್ತೆ ಮತ್ತೆ ಬೇಡುವ ದಾಸನನ್ನು ಅಲ್ಲಾಹನು ಕ್ಷಮಿಸುತ್ತಾನೆಂಬ ಹದೀಸ್ ಇದೆ. ಆದರೆ ಬೇಡುವ ಗಳಿಗೆಯಲ್ಲಿ ಬಿಡುವ ನಿಶ್ಚಯ ನಿಜವಾಗಿತ್ತೇ ಎಂದು ಹೊರಗಿನವರು ಯಾರೂ ಅಳೆಯಲಾರರು.

ಇವೆಲ್ಲಕ್ಕಿಂತ ಇಂದು ಒತ್ತಿ ಬರುವ ಪ್ರಶ್ನೆ ಪರನಿಂದೆಯದು. ಒಬ್ಬರ ಬೆನ್ನ ಹಿಂದೆ ಆಡಿದ ಮಾತಿಗೆ ಮಾಫಿ ಪಡೆಯುವುದು ಹೇಗೆ? ಅವರಿಗಾಗಿ ಅಲ್ಲಾಹನಲ್ಲಿ ಕ್ಷಮೆ ಬೇಡಿದರೆ ಸಾಕು ಎಂದರು ಹಸನ್ ಅಲ್-ಬಸ್ರಿ. ಎದುರಿಗೇ ಹೋಗಿ ತಪ್ಪೊಪ್ಪಬೇಕು ಎಂದರು ಮಕ್ಕಾದ ಅತಾ. ಗಝಾಲಿ ಅತಾರ ಪರ ನಿಂತರು. ಅವರಿಗೆ ಗೊತ್ತೇ ಇಲ್ಲದ ನೋವನ್ನು ಹೋಗಿ ತಿಳಿಸಿದರೆ ಇನ್ನೊಂದು ಗಾಯ ಮಾಡಿದಂತಾಗುತ್ತದೆ, ಅವರಿಗಾಗಿ ದುಆ ಮಾಡಲಿ, ಯಾವ ಸಭೆಯಲ್ಲಿ ಹಳಿದನೋ ಅದೇ ಸಭೆಯಲ್ಲಿ ಹೊಗಳಲಿ ಎಂದರು ಇಬ್ನ್ ತೈಮಿಯ್ಯ ಮತ್ತು ಇಬ್ನುಲ್ ಕಯ್ಯಿಮ್. ಈ ಐವರೂ ಊಹಿಸಿಕೊಂಡದ್ದು ಮುಖ ಗೊತ್ತಿರುವ ಹತ್ತಾರು ಜನರ ಸಭೆಯನ್ನು. ನೂರಾರು ಸದಸ್ಯರ ಗುಂಪಿಗೆ ಒಬ್ಬ ಹೆಂಗಸಿನ ಮಾನ ಕಳೆಯುವ ಸಂದೇಶವನ್ನು ಸಂಜೆ ರವಾನಿಸಿ, ಅದು ಅಲ್ಲಿಂದ ಎಷ್ಟು ಗುಂಪುಗಳಿಗೆ ಹೋಯಿತೆಂಬುದೂ ತಿಳಿಯದೆ, ರಾತ್ರಿ ವುಝೂ ಮಾಡಿ ಬಲಮಗ್ಗುಲಿಗೆ ಒರಗುವವನು ಯಾರ ಬಳಿ ಹೋಗಬೇಕು, ಯಾವ ಸಭೆಯಲ್ಲಿ ಅವಳನ್ನು ಹೊಗಳಬೇಕು? ಅತಾರ ದಾರಿಯೋ, ಹಸನರ ದಾರಿಯೋ, ಎರಡೂ ಸಾಲದೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.